ವೋಲ್ಟೇಜು ಮುಟ್ಟದೆ ವೇಗ ಏರಿಸುವುದು



1998ರ ಆಗಸ್ಟ್ ತಿಂಗಳಲ್ಲಿ ಇಂಟೆಲ್ ಕಂಪನಿ ಒಂದೇ ದಿನ ಎರಡು ಬಗೆಯ ಪ್ರೊಸೆಸರ್‌ಗಳನ್ನು ಮಾರುಕಟ್ಟೆಗೆ ಬಿಟ್ಟಿತು. ಒಂದು ಪೆಂಟಿಯಂ ಟೂ, 450 ಮೆಗಾಹರ್ಟ್ಸ್ ವೇಗದ್ದು, ಸಗಟು ಬೆಲೆ 669 ಡಾಲರ್. ಇನ್ನೊಂದು ಸೆಲೆರಾನ್ 300ಎ, 300 ಮೆಗಾಹರ್ಟ್ಸ್‌ನದು, ಬೆಲೆ 149 ಡಾಲರ್. ಮೊದಲನೆಯದು ಕಾಸಿದ್ದವರಿಗೆ, ಎರಡನೆಯದು ಇಲ್ಲದವರಿಗೆ. ಆದರೆ ಸ್ವಲ್ಪ ದಿನದಲ್ಲೇ ಕಂಪ್ಯೂಟರ್ ಬಿಚ್ಚಿ ಜೋಡಿಸುವ ಗೀಳಿನವರಿಗೆ ಒಂದು ಗುಟ್ಟು ಸಿಕ್ಕಿಬಿಟ್ಟಿತು. ಕಾಸಿಲ್ಲದವರ ಆ ಚಿಪ್ಪು ಕೂಡ 450ರಲ್ಲಿ ಓಡುತ್ತದೆ! ಅದೂ ಕಂಪನಿ ಅದಕ್ಕೆ ಗೊತ್ತುಮಾಡಿದ 2 ವೋಲ್ಟ್‌ನಲ್ಲೇ. ಎಲ್ಲ ಚಿಪ್ಪುಗಳೂ ಅಲ್ಲ, ನಿಜ. ಕೆಲವು ಹಟ ಹಿಡಿದವು, ಕೆಲವು ಇನ್ನೊಂದಿಷ್ಟು ವೋಲ್ಟೇಜು ಕೇಳಿದವು. ಆದರೆ ಒಲಿದವುಗಳ ಸಂಖ್ಯೆ ಎಷ್ಟಿತ್ತೆಂದರೆ ಆ ಚಿಪ್ಪಿನ ಹೆಸರು ಇವತ್ತಿಗೂ ಓವರ್‌ಕ್ಲಾಕಿಂಗ್ ಮಾಡುವವರ ಬಾಯಲ್ಲಿ ಉಳಿದಿದೆ.

ಇವತ್ತಿನ ನನ್ನ ಮಾತು ಈ ಓವರ್‌ಕ್ಲಾಕಿಂಗ್ ಬಗ್ಗೆ. ಅಂದರೆ ಪ್ರೊಸೆಸರನ್ನೋ ಮೆಮೊರಿಯನ್ನೋ ಕಂಪನಿ ಬರೆದುಕೊಟ್ಟ ವೇಗಕ್ಕಿಂತ ಹೆಚ್ಚು ಓಡಿಸುವುದು. ಅದರಲ್ಲೂ ವೋಲ್ಟೇಜನ್ನು ಒಂದು ಚೂರೂ ಏರಿಸದೆ ಓಡಿಸುವುದು. ನಮ್ಮ ಕಡೆ ಇಡೀ ಪೆಟ್ಟಿಗೆಯನ್ನೇ ಸಿಪಿಯು ಎನ್ನುವ ರೂಢಿ ಇದೆ. ನಾನು ಹೇಳುತ್ತಿರುವುದು ಪೆಟ್ಟಿಗೆಯೊಳಗೆ ಫ್ಯಾನಿನ ಅಡಿ ಕೂತಿರುವ ಚಿಪ್ಪಿನ ವಿಷಯ.

ಆ ಸೆಲೆರಾನ್‌ನ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪ್ರೊಸೆಸರ್‌ನ ವೇಗ ಎರಡು ಸಂಖ್ಯೆಗಳ ಗುಣಲಬ್ಧ. ಮದರ್‌ಬೋರ್ಡ್ ಒಂದು ತಾಳ ಹಾಕುತ್ತದೆ, ಚಿಪ್ಪು ಅದನ್ನು ಇಂತಿಷ್ಟು ಪಟ್ಟು ಮಾಡಿಕೊಳ್ಳುತ್ತದೆ. ಸೆಲೆರಾನ್ 300ಎ ತನ್ನೊಳಗೆ ನಾಲ್ಕೂವರೆ ಪಟ್ಟು ಎಂದು ಬೀಗ ಹಾಕಿಕೊಂಡೇ ಬರುತ್ತಿತ್ತು. ಬೋರ್ಡಿನ ತಾಳ 66 ಮೆಗಾಹರ್ಟ್ಸ್ ಇದ್ದರೆ ಒಟ್ಟು 300. ಬೀಗ ತೆಗೆಯುವಂತಿಲ್ಲ, ಆದರೆ ತಾಳ ಬದಲಿಸಬಹುದಲ್ಲ? ಅದೇ ವರ್ಷ ಬಂದಿದ್ದ ಇಂಟೆಲ್‌ನದೇ 440ಬಿಎಕ್ಸ್ ಚಿಪ್‌ಸೆಟ್‌ನ ಬೋರ್ಡುಗಳು 100 ಮೆಗಾಹರ್ಟ್ಸ್ ತಾಳಕ್ಕೆಂದೇ ತಯಾರಾಗಿದ್ದವು. ನೂರನ್ನು ನಾಲ್ಕೂವರೆಯಿಂದ ಗುಣಿಸಿ, 450 ಬಂತು.

ಕೆಲವು ಬೋರ್ಡುಗಳಲ್ಲಿ ತಾಳವನ್ನು ಕೈಯಾರೆ ಆರಿಸಿಕೊಳ್ಳಲು ಬರುತ್ತಿರಲಿಲ್ಲ. ಅವು ಚಿಪ್ಪನ್ನೇ ಕೇಳಿ ತಿಳಿಯುತ್ತಿದ್ದವು. ಆಗಿನ ಸೆಲೆರಾನ್ ಒಂದು ಕಾರ್ಡಿನ ಮೇಲೆ ಕೂತು ಬರುತ್ತಿತ್ತು. ಕಾರ್ಡಿನ ಅಂಚಿನಲ್ಲಿ ಸಾಲಾಗಿ ಚಿನ್ನದ ಬಣ್ಣದ ಸಣ್ಣ ಸಣ್ಣ ಪಟ್ಟಿಗಳು. ಅವುಗಳಲ್ಲಿ ಬಿ21 ಎಂಬ ಒಂದು ಪಟ್ಟಿ ಬೋರ್ಡಿಗೆ ‘ನಾನು 66ರವನು’ ಎಂದು ಹೇಳುತ್ತಿತ್ತು. ಕತ್ತರಿಯಿಂದ ಎಳೆಯಷ್ಟು ಸಪೂರಾಗಿ ಸೀಳಿದ ಟೇಪನ್ನು ಅದೊಂದೇ ಪಟ್ಟಿಯ ಮೇಲೆ, ಅಕ್ಕಪಕ್ಕದವನ್ನು ಮುಚ್ಚದಂತೆ ಅಂಟಿಸಿದರೆ ಅದರ ಬಾಯಿ ಬಂದ್. ಬೋರ್ಡು ಇದು 100ರವನೇ ಇರಬೇಕೆಂದು ನಂಬಿ ಹಾಗೇ ಓಡಿಸುತ್ತಿತ್ತು.

ಇಲ್ಲಿ ಇನ್ನೊಂದು ಸ್ವಾರಸ್ಯ ಇದೆ. ಕೆಲವರು ಭಯಪಟ್ಟು ನೂರಕ್ಕೆ ಹೋಗದೆ ನಡುವಿನ 83ಕ್ಕೆ ನಿಲ್ಲಿಸುತ್ತಿದ್ದರು. ಅಪಾಯ ಇದ್ದದ್ದು ಅಲ್ಲೇ! ಆ ಕಾಲದ ಬೋರ್ಡಿನಲ್ಲಿ ಹಾರ್ಡ್ ಡಿಸ್ಕ್, ಸೌಂಡ್ ಕಾರ್ಡ್ ಇವೆಲ್ಲ ನೇತಾಡುತ್ತಿದ್ದ ಪಿಸಿಐ ಹಾದಿಗೂ ತಾಳ ಅದೇ ಮೂಲದಿಂದಲೇ ಹೋಗುತ್ತಿತ್ತು. ಆ ಹಾದಿ ಬಯಸುವುದು 33 ಮೆಗಾಹರ್ಟ್ಸ್. ಅರವತ್ತಾರರ ಅರ್ಧ 33, ನೂರರ ಮೂರನೇ ಒಂದು ಭಾಗವೂ 33, ಎರಡೂ ಸರಿ. ಎಂಬತ್ತಮೂರರ ಅರ್ಧ ಮಾತ್ರ ನಲವತ್ತೊಂದೂವರೆ. ಪ್ರೊಸೆಸರ್ ಹಾಯಾಗಿದ್ದರೂ ಡಿಸ್ಕಿಗೆ ಬರೆದದ್ದು ಕೆಟ್ಟುಹೋಗಬಹುದಿತ್ತು. ಓವರ್‌ಕ್ಲಾಕಿಂಗ್‌ನಲ್ಲಿ ಸ್ವಲ್ಪವೇ ಏರಿಸಿದ್ದೇನೆ ಎಂಬ ಧೈರ್ಯಕ್ಕೆ ಅರ್ಥವಿಲ್ಲ. ಯಾವುದರ ಜೊತೆಗೆ ಯಾವುದು ಏರುತ್ತದೆ ಅಂತ ಗೊತ್ತಿರಬೇಕು.

ಸರಿ, 300 ಎಂದು ಬರೆದ ಚಿಪ್ಪಿಗೆ 450ರ ತಾಕತ್ತು ಎಲ್ಲಿಂದ ಬಂತು? ಪ್ರೊಸೆಸರ್ ಒಳಗೆ ಒಂದು ತಾಳ ಬಿದ್ದಾಗ ಹೊರಟ ಸಂಕೇತ ಸಾಲುಸಾಲು ಟ್ರಾನ್ಸಿಸ್ಟರ್‌ಗಳನ್ನು ದಾಟಿ ಮುಂದಿನ ತಾಳ ಬೀಳುವುದರೊಳಗೆ ಗುರಿ ಮುಟ್ಟಿರಬೇಕು. 450 ಮೆಗಾಹರ್ಟ್ಸ್‌ನಲ್ಲಿ ಎರಡು ತಾಳಗಳ ನಡುವಿನ ಅವಧಿ ಸುಮಾರು 2.2 ನ್ಯಾನೋಸೆಕೆಂಡ್. ಚಿಪ್ಪಿನೊಳಗಿನ ಎಲ್ಲಕ್ಕಿಂತ ಉದ್ದದ ಹಾದಿ ಅಷ್ಟರೊಳಗೆ ಮುಗಿದರೆ ಲೆಕ್ಕ ಸರಿ, ಮುಗಿಯದಿದ್ದರೆ ತಪ್ಪು. ಟ್ರಾನ್ಸಿಸ್ಟರ್ ಎಷ್ಟು ಬೇಗ ಹೊರಳುತ್ತದೆ ಎಂಬುದು ಮುಖ್ಯವಾಗಿ ಅದಕ್ಕೆ ಸಿಗುವ ವೋಲ್ಟೇಜಿನ ಮೇಲೆ ಹೋಗುತ್ತದೆ. ಬಿಸಿಯಾದಷ್ಟೂ ಸಾಮಾನ್ಯವಾಗಿ ಅದು ನಿಧಾನ. ಕಂಪನಿ ವೇಗ ಗೊತ್ತುಮಾಡುವಾಗ ಎಲ್ಲಕ್ಕಿಂತ ಕೆಟ್ಟ ಪರಿಸ್ಥಿತಿಯನ್ನು ಕಣ್ಣಮುಂದೆ ಇಟ್ಟುಕೊಳ್ಳುತ್ತದೆ. ಧೂಳು ತುಂಬಿದ ಪೆಟ್ಟಿಗೆ, ಬೇಸಿಗೆಯ ಮಧ್ಯಾಹ್ನ, ಅಗ್ಗದ ಪವರ್ ಸಪ್ಲೈ, ಐದಾರು ವರ್ಷದ ವಯಸ್ಸು, ಇಷ್ಟೆಲ್ಲ ಇದ್ದರೂ ಓಡಬೇಕು. ನಿಮ್ಮ ಪೆಟ್ಟಿಗೆ ಅದಕ್ಕಿಂತ ಚೆನ್ನಾಗಿದ್ದರೆ ಆ ಅಂತರ ನಿಮ್ಮ ಪಾಲಿಗೆ ಉಳಿದಿರುತ್ತದೆ.

ಇನ್ನೊಂದು ಕಾರಣ ವ್ಯಾಪಾರದ್ದು. ಒಂದೇ ಸಿಲಿಕಾನ್ ಬಿಲ್ಲೆಯಿಂದ ಕತ್ತರಿಸಿದ ಚಿಪ್ಪುಗಳೆಲ್ಲ ಒಂದೇ ಗುಣದವಲ್ಲ. ಶಿವಮೊಗ್ಗದ ಮಂಡಿಯಲ್ಲಿ ಅಡಿಕೆಯನ್ನು ಹಸ, ಬೆಟ್ಟೆ, ರಾಶಿ, ಗೊರಬಲು ಎಂದು ಬೇರೆ ಮಾಡುವ ಹಾಗೆ ಕಾರ್ಖಾನೆಯಲ್ಲಿ ಪ್ರತಿಯೊಂದನ್ನೂ ಪರೀಕ್ಷಿಸಿ ದರ್ಜೆ ಹಾಕುತ್ತಾರೆ. ವ್ಯತ್ಯಾಸ ಒಂದೇ: ಹಸವನ್ನು ಗೊರಬಲಿನ ಚೀಲಕ್ಕೆ ಯಾವ ಬೆಳೆಗಾರನೂ ಸುರಿಯುವುದಿಲ್ಲ, ಚಿಪ್ಪಿನ ಕಂಪನಿ ಸುರಿಯುತ್ತದೆ. ತಯಾರಿಕೆ ಹದಕ್ಕೆ ಬಂದ ಮೇಲೆ ಹೆಚ್ಚಿನ ಚಿಪ್ಪುಗಳು ಮೇಲಿನ ದರ್ಜೆಯವೇ ಆಗಿಬಿಡುತ್ತವೆ. ಬೇಡಿಕೆ ಮಾತ್ರ ಅಗ್ಗದವುಗಳಿಗೆ ಜಾಸ್ತಿ. ಹಾಗಾಗಿ ಒಳ್ಳೆಯದಕ್ಕೂ ಕೆಳಗಿನ ದರ್ಜೆಯ ಚೀಟಿ ಅಂಟುತ್ತದೆ. ಸೆಲೆರಾನ್ 300ಎ ಮತ್ತು ಪೆಂಟಿಯಂ ಟೂ 450 ಎರಡೂ ಒಂದೇ 0.25 ಮೈಕ್ರಾನ್ ತಂತ್ರಜ್ಞಾನದಲ್ಲಿ ತಯಾರಾದವು, ಎರಡಕ್ಕೂ ಅದೇ 2 ವೋಲ್ಟ್. ಪೆಂಟಿಯಂನ ಎರಡನೇ ಹಂತದ ಕ್ಯಾಶ್, ಅಂದರೆ ಪದೇ ಪದೇ ಬೇಕಾದದ್ದನ್ನು ಹತ್ತಿರ ಇಟ್ಟುಕೊಳ್ಳುವ ಪುಟ್ಟ ಮೆಮೊರಿ, ಬೇರೆ ಚಿಪ್ಪುಗಳಲ್ಲಿದ್ದು ಅರ್ಧ ವೇಗದಲ್ಲಿ ಓಡುತ್ತಿತ್ತು. ಸೆಲೆರಾನ್‌ನ 128 ಕಿಲೋಬೈಟ್ ಕ್ಯಾಶ್ ಚಿಕ್ಕದಾದರೂ ಒಳಗೇ ಇತ್ತು, ಪೂರ್ತಿ ವೇಗದಲ್ಲಿತ್ತು. ಬಡವರ ಚಿಪ್ಪು ಏನೂ ಬಡವಾಗಿರಲಿಲ್ಲ!

ಇನ್ನು ವೋಲ್ಟೇಜು ಯಾಕೆ ಮುಟ್ಟಬಾರದು ಎಂಬ ಮಾತಿಗೆ ಬರುತ್ತೇನೆ. ಚಿಪ್ಪು ಹೊರಳುವಾಗ ತಿನ್ನುವ ವಿದ್ಯುತ್ತಿಗೆ ಒಂದು ಸರಳ ಲೆಕ್ಕ ಇದೆ. ವೇಗ ಎಷ್ಟು ಪಟ್ಟು ಏರಿತೋ ಖರ್ಚೂ ಅಷ್ಟೇ ಪಟ್ಟು ಏರುತ್ತದೆ. ವೋಲ್ಟೇಜಿನದು ಹಾಗಲ್ಲ, ಅದು ವರ್ಗದ ಲೆಕ್ಕದಲ್ಲಿ ಏರುತ್ತದೆ. ವೇಗವನ್ನು ಮಾತ್ರ ಶೇಕಡಾ 25 ಏರಿಸಿದರೆ ಬಿಸಿ ಶೇಕಡಾ 25 ಹೆಚ್ಚುತ್ತದೆ. ಅದರ ಜೊತೆಗೆ ವೋಲ್ಟೇಜನ್ನು ಶೇಕಡಾ 10 ಏರಿಸಿ ನೋಡಿ, ಬಿಸಿ ಶೇಕಡಾ 51 ಹೆಚ್ಚುತ್ತದೆ. ಸೆಲೆರಾನ್ 300ಎ ಮೂಲದಲ್ಲಿ ಸುಮಾರು 19 ವಾಟ್‌ನದು. ಅದೇ ವೋಲ್ಟೇಜಿನಲ್ಲಿ 450ಕ್ಕೆ ಒಯ್ದರೆ ಸುಮಾರು 28 ವಾಟ್. ಸಾಧಾರಣ ಫ್ಯಾನು ಅದನ್ನು ತಡೆದುಕೊಳ್ಳುತ್ತದೆ.

ಬಿಸಿಯನ್ನಾದರೂ ದೊಡ್ಡ ಫ್ಯಾನು ಹಾಕಿ ನಿಭಾಯಿಸಬಹುದು, ಸವೆತವನ್ನು ನಿಭಾಯಿಸಲಾಗದು. ಚಿಪ್ಪಿನೊಳಗಿನ ಲೋಹದ ಎಳೆಗಳಲ್ಲಿ ಕರೆಂಟು ಹರಿಯುವಾಗ ಎಲೆಕ್ಟ್ರಾನುಗಳ ತಳ್ಳಾಟಕ್ಕೆ ಲೋಹದ ಪರಮಾಣುಗಳೇ ಜಾಗ ಬಿಟ್ಟು ಸರಿಯುತ್ತವೆ. ಕರೆಂಟಿನ ದಟ್ಟಣೆ ಮತ್ತು ಉಷ್ಣತೆ ಏರಿದ ಹಾಗೆ ಎಳೆಯ ಆಯುಸ್ಸು ಹೇಗೆ ಕುಗ್ಗುತ್ತದೆ ಎಂಬ ಸೂತ್ರವನ್ನು ಮೊಟೊರೋಲಾ ಕಂಪನಿಯ ಜೇಮ್ಸ್ ಬ್ಲ್ಯಾಕ್ 1969ರಲ್ಲೇ ಬರೆದಿಟ್ಟರು. ಕುಗ್ಗುವುದು ನೇರ ಗೆರೆಯಲ್ಲಲ್ಲ, ದಡದಡ ಇಳಿಜಾರಿನಲ್ಲಿ. ಎಳೆಗಳ ಜೊತೆಗೆ ಟ್ರಾನ್ಸಿಸ್ಟರ್‌ಗಳ ತೆಳು ನಿರೋಧಕ ಪದರಗಳೂ ಹೆಚ್ಚಿನ ವೋಲ್ಟೇಜಿಗೆ ಹಣ್ಣಾಗುತ್ತವೆ.

ಇದು ಪುಸ್ತಕದ ಬದನೆಕಾಯಿ ಎನ್ನುವವರಿಗೆ ಹತ್ತಿರದ ಉದಾಹರಣೆ ಇದೆ. 2024ರಲ್ಲಿ ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಹಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು, ಯಾರೂ ಕೈಯಾಡಿಸದ ಯಂತ್ರಗಳಲ್ಲೂ, ಆಟ ಆಡುವಾಗ, ಫೈಲು ಬಿಚ್ಚುವಾಗ ಕೈಕೊಡತೊಡಗಿದವು. ಚಿಪ್ಪನ್ನು ಒಳಗಿನಿಂದ ನಡೆಸುವ ಸೂಚನೆಗಳ ಕಟ್ಟು, ಅಂದರೆ ಮೈಕ್ರೋಕೋಡ್, ಅಗತ್ಯಕ್ಕಿಂತ ಹೆಚ್ಚಿನ ವೋಲ್ಟೇಜು ಕೇಳುತ್ತಿದೆ ಎಂದು ಕಂಪನಿಯೇ ಒಪ್ಪಿಕೊಂಡಿತು. ಆಗಸ್ಟ್‌ನಲ್ಲಿ ತಿದ್ದಿದ ಮೈಕ್ರೋಕೋಡ್ ಕೊಟ್ಟಿತು, ವಾರಂಟಿಯನ್ನು ಮೂರರಿಂದ ಐದು ವರ್ಷಕ್ಕೆ ಏರಿಸಿತು. ಆದರೆ ಆಗಲೇ ಸವೆದ ಚಿಪ್ಪು ತಿದ್ದುಪಡಿಯಿಂದ ಮೊದಲಿನಂತಾಗಲಿಲ್ಲ. ತಯಾರಿಸಿದವರಿಗೇ ವೋಲ್ಟೇಜು ಲೆಕ್ಕ ತಪ್ಪಿ ಹೀಗಾದರೆ, ಬೋರ್ಡಿನ ಸೆಟ್ಟಿಂಗ್‌ಗಳಿರುವ ಬಯೋಸ್ ತೆರೆದು ಅಂದಾಜಿನಲ್ಲಿ ಒಂದೊಂದೇ ಅಂಕಿ ಏರಿಸುವ ನಮ್ಮ ಗತಿ ಏನು?

ಮೂಲ ವೋಲ್ಟೇಜಿನಲ್ಲೇ ಉಳಿದವರಿಗೆ ಒಂದು ಬೇಲಿ ತಾನಾಗಿ ಸಿಗುತ್ತದೆ. ವೇಗ ಅತಿಯಾದಾಗ ಯಂತ್ರ ಶುರುವಾಗುವುದಿಲ್ಲ, ಇಲ್ಲವೇ ಲೆಕ್ಕ ತಪ್ಪುತ್ತದೆ. ನೀವು ಹಿಂದಕ್ಕೆ ಬರುತ್ತೀರಿ, ಚಿಪ್ಪಿಗೆ ಏನೂ ಆಗಿರುವುದಿಲ್ಲ. ಯಂತ್ರ ಏಳಲೇ ಇಲ್ಲ ಎಂದರೆ ಸ್ವಿಚ್ಚು ಆರಿಸಿ, ಪ್ಲಗ್ಗು ಕಿತ್ತು, ಬೋರ್ಡಿನ ಮೇಲಿನ ಸಿಆರ್2032 ಬಟನ್ ಬ್ಯಾಟರಿಯನ್ನು ಕೆಲವು ನಿಮಿಷ ತೆಗೆದಿಟ್ಟು ಮತ್ತೆ ಕೂರಿಸಿದರೆ ಸಾಮಾನ್ಯವಾಗಿ ಹಳೆಯ ಸ್ಥಿತಿಗೆ ಬರುತ್ತದೆ.

ಒಂದು ಎಚ್ಚರ ಮಾತ್ರ ಬೇಕೇ ಬೇಕು. ಬಯೋಸ್‌ನಲ್ಲಿ ವೋಲ್ಟೇಜಿನ ಮುಂದೆ ‘ಆಟೋ’ ಎಂದಿದ್ದರೆ ನೀವು ಮುಟ್ಟಿಲ್ಲ ಎಂದ ಮಾತ್ರಕ್ಕೆ ಅದು ಏರಿಲ್ಲ ಎಂದಲ್ಲ. ಎಷ್ಟೋ ಬೋರ್ಡುಗಳು ವೇಗ ಏರಿದ್ದನ್ನು ಕಂಡೊಡನೆ ತಾವೇ ಧಾರಾಳವಾಗಿ ವೋಲ್ಟೇಜು ಏರಿಸುತ್ತವೆ. ಮೂಲದಲ್ಲಿ ಎಷ್ಟಿತ್ತು ಎಂದು ಮೊದಲು ಚೀಟಿಯಲ್ಲಿ ಬರೆದಿಟ್ಟುಕೊಂಡು, ಆಟೋ ತೆಗೆದು, ಅದೇ ಸಂಖ್ಯೆಯನ್ನು ಕೈಯಾರೆ ಕೂರಿಸಿ. ಅಂಥ ಅವಕಾಶ ಇಲ್ಲದ ಬೋರ್ಡಾದರೆ ಈ ಕೆಲಸಕ್ಕೆ ಕೈಹಾಕದಿರುವುದೇ ಲೇಸು.

ಸೆಲೆರಾನ್ ಆದ ಮೇಲೆ ಇಂಥ ಹೆಸರು ಮಾಡಿದ್ದು 2007ರ ಜನವರಿಯಲ್ಲಿ ಬಂದ ಕೋರ್ ಟೂ ಕ್ವಾಡ್ ಕ್ಯೂ6600. ನಾಲ್ಕು ಕೋರ್, 2.4 ಗಿಗಾಹರ್ಟ್ಸ್, 266ರ ತಾಳ, ಒಂಬತ್ತು ಪಟ್ಟು. ಆ ವರ್ಷದ ಜುಲೈನಲ್ಲಿ ಜಿ0 ಎಂಬ ಸುಧಾರಿತ ಆವೃತ್ತಿ ಬಂತು; ಬಿಸಿಯ ಅಳತೆ 105 ವಾಟ್‌ನಿಂದ 95ಕ್ಕೆ ಇಳಿಯಿತು. ತಾಳವನ್ನು 333 ಮಾಡಿದರೆ ಸರಿಯಾಗಿ 3 ಗಿಗಾಹರ್ಟ್ಸ್. ಬಹಳಷ್ಟು ಜಿ0 ಚಿಪ್ಪುಗಳು ಮೂಲ ವೋಲ್ಟೇಜಿನಲ್ಲೇ ಅಲ್ಲಿಗೆ ಹೋಗುತ್ತಿದ್ದವು.

ಆದರೆ ಈ ಹಾದಿಯಲ್ಲಿ ಎಡವುತ್ತಿದ್ದವರು ಎಡವುತ್ತಿದ್ದುದು ಪ್ರೊಸೆಸರಿನಲ್ಲಲ್ಲ, ಮೆಮೊರಿಯಲ್ಲಿ. ಡಿಡಿಆರ್2-800 ಮೆಮೊರಿ 266ರ ತಾಳದಿಂದ ಮೂರು ಪಟ್ಟು ಲೆಕ್ಕದಲ್ಲಿ 800ಕ್ಕೆ ಬರುತ್ತದೆ. ಈಗ ತಾಳ 333 ಆಯಿತು, ಅನುಪಾತ ಹಾಗೇ ಬಿಟ್ಟಿರಿ ಅಂದುಕೊಳ್ಳಿ. ಮೂರು ಪಟ್ಟು ಎಂದರೆ 1000! ಎಂಟುನೂರರ ಮೆಮೊರಿ ಸಾವಿರದಲ್ಲಿ ಉಸಿರುಕಟ್ಟಿ ನಿಲ್ಲುತ್ತದೆ, ಬೈಗುಳ ಪ್ರೊಸೆಸರ್‌ಗೆ. ಅನುಪಾತವನ್ನು ಎರಡು ಪಟ್ಟಿಗೆ ಇಳಿಸಿದರೆ ಮೆಮೊರಿ 667ರಲ್ಲಿ ನೆಮ್ಮದಿಯಾಗಿರುತ್ತದೆ. ಆದ್ದರಿಂದ ಮೊದಲು ಮೆಮೊರಿಯನ್ನು ಬೇಕೆಂತಲೇ ಕೆಳಗೆ ಇಳಿಸಿ ಪ್ರೊಸೆಸರ್‌ನ ಮಿತಿ ನೋಡಬೇಕು. ಆಮೇಲೆ ಪ್ರೊಸೆಸರನ್ನು ಮೂಲಕ್ಕೆ ತಂದು ಮೆಮೊರಿಯ ಮಿತಿ ನೋಡಬೇಕು. ಎರಡನ್ನೂ ಸೇರಿಸುವುದು ಕೊನೆಗೆ.

ಮೆಮೊರಿಯ ವಿಷಯ ಸ್ವಲ್ಪ ನಾಜೂಕು. ಅದರ ಪ್ರತಿ ಕೋಶದಲ್ಲಿ ಒಂದು ಅತಿ ಪುಟ್ಟ ಕೆಪಾಸಿಟರ್. ಅದರಲ್ಲಿ ಚಾರ್ಜು ಇದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಚಾರ್ಜು ಸೋರುತ್ತಲೇ ಇರುತ್ತದೆ, ಹಾಗಾಗಿ 64 ಮಿಲಿಸೆಕೆಂಡಿಗೊಮ್ಮೆ ಎಲ್ಲವನ್ನೂ ಓದಿ ಮತ್ತೆ ತುಂಬಬೇಕು. ಉಷ್ಣತೆ 85 ಡಿಗ್ರಿ ದಾಟಿದರೆ ಸೋರಿಕೆ ಇನ್ನೂ ಬಿರುಸು, ಅರ್ಧದಷ್ಟು ಸಮಯಕ್ಕೇ ತುಂಬಬೇಕಾಗುತ್ತದೆ. ವೇಗ ಏರಿಸುವಾಗ ಈ ಓದುವ, ತುಂಬುವ ಕೆಲಸಕ್ಕೆ ಬೇಕಾದ ಸಮಯವನ್ನೇ ನಾವು ಕಿತ್ತುಕೊಳ್ಳುತ್ತಿರುತ್ತೇವೆ.

ಮೆಮೊರಿಗೆ ಎರಡು ಅಳತೆ. ಒಂದು ವೇಗ, ಇನ್ನೊಂದು ಕೇಳಿದ್ದು ಕೈಗೆ ಬರಲು ಎಷ್ಟು ತಾಳ ಕಾಯಬೇಕು ಎಂಬ ಸಿಎಲ್ ಸಂಖ್ಯೆ. ಡಿಡಿಆರ್4-2400 ಮೆಮೊರಿ ಸಿಎಲ್ 17ರಲ್ಲಿದ್ದರೆ ಕಾಯುವ ಸಮಯ 14.2 ನ್ಯಾನೋಸೆಕೆಂಡ್. ಅದನ್ನು 2666ಕ್ಕೆ ಏರಿಸಿ, ಯಂತ್ರ ಕೂರಲಿಲ್ಲವೆಂದು ಸಿಎಲ್ 19 ಮಾಡಿದರೆ ಕಾಯುವ ಸಮಯ 14.25. ಎಲ್ಲಿದ್ದೆವೋ ಅಲ್ಲೇ! ದೊಡ್ಡ ದೊಡ್ಡ ಫೈಲು ಸಾಗಿಸುವವರಿಗೆ ಲಾಭ ಇದೆ, ಯಾಕೆಂದರೆ ಎರಡು ಚಾನೆಲ್‌ಗಳಲ್ಲಿ ಸೆಕೆಂಡಿಗೆ 38.4 ಗಿಗಾಬೈಟ್ ಹರಿಯುತ್ತಿದ್ದುದು 42.6ರ ಸುತ್ತಮುತ್ತ ಆಗುತ್ತದೆ. ಉಳಿದವರಿಗೆ ಹೆಗ್ಗಳಿಕೆ ಹೇಳಿಕೊಳ್ಳಲು ಒಂದು ಸಂಖ್ಯೆ ಸಿಕ್ಕಿತು, ಅಷ್ಟೆ. ಸಿಎಲ್ 17ರಲ್ಲೇ 2666 ಕೂತರೆ 12.75, ಅದು ನಿಜವಾದ ಗಳಿಕೆ.

ಮೆಮೊರಿಗೆ ಗೊತ್ತಾದ ವೋಲ್ಟೇಜು ಡಿಡಿಆರ್2ಗೆ 1.8, ಡಿಡಿಆರ್3ಗೆ 1.5, ಡಿಡಿಆರ್4ಗೆ 1.2. ಅಂಗಡಿಯಲ್ಲಿ 3200, 3600 ಎಂದು ದೊಡ್ಡದಾಗಿ ಬರೆದು ಮಾರುವ ಎಷ್ಟೋ ಡಿಡಿಆರ್4 ಮಾಡ್ಯೂಲ್‌ಗಳು ಆ ವೇಗ ಮುಟ್ಟುವುದು ಎಕ್ಸ್‌ಎಂಪಿ ಎಂಬ ಸಿದ್ಧ ಪಟ್ಟಿಯನ್ನು ಆರಿಸಿದಾಗ, 1.35 ವೋಲ್ಟ್‌ನಲ್ಲಿ. ಮಾಡ್ಯೂಲ್ ತಯಾರಿಸಿದವರೇ ಪರೀಕ್ಷಿಸಿ ಕೊಟ್ಟಿರುವುದರಿಂದ ಮಾಡ್ಯೂಲಿಗೆ ತೊಂದರೆ ಇಲ್ಲ ಎನ್ನೋಣ. ಆದರೆ ಈಗಿನ ಯಂತ್ರಗಳಲ್ಲಿ ಮೆಮೊರಿಯನ್ನು ನಡೆಸುವ ನಿಯಂತ್ರಕ ಪ್ರೊಸೆಸರ್ ಒಳಗೇ ಇದೆ. ಎಕ್ಸ್‌ಎಂಪಿ ಒತ್ತಿದೊಡನೆ ಕೆಲವು ಬೋರ್ಡುಗಳು ಆ ನಿಯಂತ್ರಕದ ವೋಲ್ಟೇಜನ್ನೂ ಸದ್ದಿಲ್ಲದೆ ಏರಿಸುತ್ತವೆ. ಅದನ್ನೂ ಬಯೋಸ್‌ನಲ್ಲಿ ಹುಡುಕಿ ನೋಡಿಕೊಳ್ಳಬೇಕು.

ಇನ್ನು ಪರೀಕ್ಷೆ. ವಿಂಡೋಸ್ ತೆರೆಯಿತು, ಹಾಡು ಕೇಳಿಸಿತು ಎಂದರೆ ಪಾಸಾದಂತಲ್ಲ. ಪ್ರೊಸೆಸರ್‌ಗೆ ಹಳೆಯ ನಂಬಿಕೆಯ ಸಾಧನ ಪ್ರೈಮ್95. ಜಾರ್ಜ್ ವೋಲ್ಟ್‌ಮನ್ ಎಂಬವರು 1996ರಲ್ಲಿ ಮರ್ಸೆನ್ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕಲು ಶುರುಮಾಡಿದ ಯೋಜನೆಯ ತಂತ್ರಾಂಶ ಅದು. ಗಣಿತಕ್ಕೆಂದು ಬರೆದದ್ದು ಮೆಕ್ಯಾನಿಕ್‌ಗಳ ಕೈಗೆ ಬಂತು. ಅದರ ಕಠಿಣ ಪರೀಕ್ಷೆಯಲ್ಲಿ, ಉತ್ತರ ಮೊದಲೇ ಗೊತ್ತಿರುವ ಭಾರಿ ಗುಣಾಕಾರಗಳನ್ನು ಚಿಪ್ಪಿನಿಂದ ಮಾಡಿಸಿ ತಾಳೆ ನೋಡುತ್ತದೆ. ಚಿಪ್ಪು ಸೋತರೆ ಪರದೆಯ ಮೇಲೆ ಒಂದು ಸಾಲು ಬರುತ್ತದೆ: ಪೂರ್ಣಾಂಕಕ್ಕೆ ಸರಿಹೊಂದಿಸಿದಾಗಿನ ವ್ಯತ್ಯಾಸ 0.4ಕ್ಕಿಂತ ಕಡಿಮೆ ಇರಬೇಕಿತ್ತು, 0.5 ಬಂದಿದೆ, ಹಾರ್ಡ್‌ವೇರ್ ದೋಷ. ಆ ಕೋರ್‌ನ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಕಂಪ್ಯೂಟರ್ ಮಾತ್ರ ಏನೂ ಆಗದಂತೆ ಓಡುತ್ತಲೇ ಇರುತ್ತದೆ, ಇಲಿಯ ಬಾಣ ಓಡಾಡುತ್ತದೆ. ಅಂದರೆ ನೋಡಿ, ನಿಮ್ಮ ಯಂತ್ರ ತಪ್ಪು ಲೆಕ್ಕ ಮಾಡುತ್ತಿದ್ದರೂ ಕೆಲವೊಮ್ಮೆ ಮುಖಭಾವದಿಂದ ಗೊತ್ತಾಗುವುದಿಲ್ಲ.

ಮೆಮೊರಿಗೆ ಮೆಮ್‌ಟೆಸ್ಟ್86, 1994ರಿಂದ ಇರುವಂಥದ್ದು. ಇದು ವಿಂಡೋಸ್‌ನ ಹಂಗಿಲ್ಲದೆ ಪೆನ್‌ಡ್ರೈವ್‌ನಿಂದಲೇ ಶುರುವಾಗಿ ಮೆಮೊರಿಯ ಮೂಲೆಮೂಲೆಗೂ ಬಗೆಬಗೆಯ ವಿನ್ಯಾಸಗಳನ್ನು ಬರೆದು ಓದುತ್ತದೆ. ಇಲ್ಲಿ ನನ್ನ ಕಟ್ಟುನಿಟ್ಟು ಸ್ವಲ್ಪ ಜಾಸ್ತಿಯೇ. ಪ್ರೊಸೆಸರ್ ಕೈಕೊಟ್ಟರೆ ಬಹುಪಾಲು ಯಂತ್ರ ಬೀಳುತ್ತದೆ, ನಿಮಗೆ ತಿಳಿಯುತ್ತದೆ. ಮೆಮೊರಿಯ ಒಂದು ಬಿಟ್ ಹೊರಳಿದರೆ ಅದು ಮಗಳ ಮದುವೆಯ ಫೋಟೊದಲ್ಲೋ ಅಂಗಡಿಯ ಲೆಕ್ಕದ ಹಾಳೆಯಲ್ಲೋ ಹೋಗಿ ಕೂರುತ್ತದೆ. ಕೆಟ್ಟದ್ದನ್ನೇ ನೀವು ಬ್ಯಾಕಪ್ ಕೂಡ ಮಾಡಿಟ್ಟುಕೊಳ್ಳುತ್ತೀರಿ. ಸರ್ವರ್‌ಗಳಲ್ಲಿರುವಂಥ ತಪ್ಪು ತಿದ್ದುವ ಮೆಮೊರಿ ಮನೆಯ ಡೆಸ್ಕ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ಇವತ್ತಿನ ಹೊಸ ಯಂತ್ರಗಳಲ್ಲಿ ಇದಕ್ಕೆಲ್ಲ ಎಷ್ಟು ಜಾಗ ಇದೆ ಎಂದರೆ, ಬಹಳ ಇಲ್ಲ. 2008ರ ಕೊನೆಯಲ್ಲಿ ಬಂದ ಟರ್ಬೊ ಬೂಸ್ಟ್‌ನಿಂದ ಮುಂದೆ ಚಿಪ್ಪುಗಳು ತಮ್ಮ ಬಿಸಿ, ಕರೆಂಟು ನೋಡಿಕೊಂಡು ತಾವೇ ವೇಗ ಏರಿಸಿಕೊಳ್ಳುತ್ತವೆ. 2011ರ ಸ್ಯಾಂಡಿ ಬ್ರಿಡ್ಜ್‌ನಲ್ಲಿ ಎಲ್ಲ ಹಾದಿಗಳ ತಾಳವನ್ನೂ ಇಂಟೆಲ್ ಒಂದಕ್ಕೊಂದು ಗಂಟು ಹಾಕಿತು; ತಾಳವನ್ನು ಶೇಕಡಾ ನಾಲ್ಕೈದಕ್ಕಿಂತ ಮೇಲೆ ಎಳೆದರೆ ಡಿಸ್ಕು, ಗ್ರಾಫಿಕ್ಸ್ ಕಾರ್ಡು ತಕರಾರು ಎತ್ತುತ್ತವೆ. ಬೀಗವಿಲ್ಲದ ಚಿಪ್ಪಿಗೆ ಹೆಸರಿನ ಕೊನೆಗೆ ‘ಕೆ’ ಸೇರಿಸಿ ಹೆಚ್ಚು ಬೆಲೆಗೆ ಮಾರಿತು. ಪುಕ್ಕಟೆಯಾಗಿ ಸಿಗುತ್ತಿದ್ದುದಕ್ಕೆ ಟಿಕೆಟ್ ಇಟ್ಟ ಹಾಗಾಯಿತು. 2011ಕ್ಕಿಂತ ಹಳೆಯ ಯಂತ್ರದಲ್ಲಿ, ಅದೂ ಬೆಂಗಳೂರಿನ ಎಸ್.ಪಿ. ರೋಡಿನಂಥ ಕಡೆ ಬಿಡಿಭಾಗ ಆರಿಸಿ ಜೋಡಿಸಿಕೊಂಡ ಯಂತ್ರವಾದರೆ, ಈ ಪ್ರಯೋಗಕ್ಕೆ ಇನ್ನೂ ಬೆಲೆ ಇದೆ. ಕಚೇರಿಗಳಿಂದ ಹರಾಜಿಗೆ ಬಂದ ಬ್ರಾಂಡೆಡ್ ಪೆಟ್ಟಿಗೆಗಳ ಬಯೋಸ್‌ನಲ್ಲಿ ಈ ಆಯ್ಕೆಗಳೇ ಸಾಮಾನ್ಯವಾಗಿ ಇರುವುದಿಲ್ಲ, ಹುಡುಕಿ ದಣಿಯಬೇಡಿ.

ಕಲಬುರಗಿ, ರಾಯಚೂರು, ಬಳ್ಳಾರಿ ಕಡೆಯ ಕೇಳುಗರಿಗೆ ಒಂದು ಮಾತು. ಹೀಟ್‌ಸಿಂಕ್ ಎಷ್ಟೇ ದೊಡ್ಡದಿರಲಿ, ಅದು ಚಿಪ್ಪಿನ ಬಿಸಿಯನ್ನು ಕೋಣೆಯ ಗಾಳಿಗೆ ದಾಟಿಸುತ್ತದೆ, ಅಷ್ಟೆ. ಕೋಣೆ 25ರಿಂದ 40 ಡಿಗ್ರಿಗೆ ಏರಿದರೆ ಚಿಪ್ಪೂ ಹೆಚ್ಚುಕಡಿಮೆ 15 ಡಿಗ್ರಿ ಮೇಲೇರುತ್ತದೆ. ಡಿಸೆಂಬರಿನಲ್ಲಿ ಪಾಸಾದ ವೇಗವನ್ನು ಏಪ್ರಿಲ್, ಮೇನಲ್ಲಿ ಇನ್ನೊಮ್ಮೆ ಪರೀಕ್ಷೆಗೆ ಕೂರಿಸಿ. ಅದಕ್ಕೂ ಮೊದಲು ಹೀಟ್‌ಸಿಂಕಿನ ಧೂಳು ಊದಿ, ಒಣಗಿದ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಿ.

ಈ ಕೆಲಸಕ್ಕೆ ಕೈಹಾಕುವವರಲ್ಲಿ ನನ್ನ ಕೋರಿಕೆ ಇಷ್ಟು. ವೇಗ ಏರಿಸಿದರೆ ವಾರಂಟಿ ಹೋಗಬಹುದು, ಆದ್ದರಿಂದ ವಾರಂಟಿ ಇನ್ನೂ ಇರುವ ಯಂತ್ರವನ್ನು ಮುಟ್ಟಬೇಡಿ. ಮೊದಲು ಬೇಕಾದ ಫೈಲುಗಳನ್ನೆಲ್ಲ ಬೇರೆ ಡಿಸ್ಕಿಗೆ ನಕಲು ಮಾಡಿ, ಆ ಡಿಸ್ಕನ್ನು ಯಂತ್ರದಿಂದ ಬಿಡಿಸಿಡಿ. ಒಂದು ರಾತ್ರಿ ಪೂರ್ತಿ ಮೆಮ್‌ಟೆಸ್ಟ್ ಓಡಲಿ. ಬೆಳಿಗ್ಗೆ ನೋಡಿದಾಗ ಒಂದೇ ಒಂದು ದೋಷ ತೋರಿಸಿದರೂ ವೇಗವನ್ನು ಒಂದು ಮೆಟ್ಟಿಲು ಇಳಿಸಿ. ವೋಲ್ಟೇಜು ಏರಿಸಿ ಅದನ್ನು ಮುಚ್ಚಿಹಾಕಲು ಹೋಗಬೇಡಿ.